ಹಾಳಾಗಿರೋದು ಡ್ರಿಲ್ಲೋ, ಬ್ಯಾಟರಿಯೋ?

ಕವನ, ಪುಸ್ತಕ ಪರಿಚಯ, ಹರಟೆಗಳಿಗೆ ಮೀಸಲಾದ ಈ ಪುಟಗಳಲ್ಲಿ ಬ್ಯಾಟರಿ ರಿಪೇರಿಗೇನು ಕೆಲಸ ಎಂದು ನೀವು ಕೇಳಬಹುದು. ತಪ್ಪು ನನ್ನೊಬ್ಬನದಲ್ಲ. ಕಳೆದ ತಿಂಗಳ ಕೂಟದಲ್ಲಿ ಕವನವಾಚನ ನಡೆಯುತ್ತಿದ್ದಾಗ, ಮೂರನೆಯ ಕವನದ ಮಧ್ಯದಲ್ಲಿ ನಮ್ಮ ಕಾರ್ಡ್‌ಲೆಸ್ ಮೈಕು ಕೈಕೊಟ್ಟದ್ದು ನಿಮಗೆ ನೆನಪಿರಬಹುದು. ಕಾಫಿಯ ಹೊತ್ತಿಗೆ "ಎಸೆದು ಹೊಸದು ತಂದುಬಿಡೋಣ" ಎಂದವರು ಹತ್ತು ಜನ. "ಸ್ವಲ್ಪ ತಾಳಿ, ಹಾಳಾಗಿರೋದು ಮೈಕೋ, ಬ್ಯಾಟರಿಯೋ ನೋಡೋಣ" ಎಂದವನು ನಾನೊಬ್ಬ. ಹಾಗೆಂದದ್ದಕ್ಕೆ ಸಂಪಾದಕರು ಈ ಲೇಖನವನ್ನು ನನ್ನ ತಲೆಗೆ ಕಟ್ಟಿದ್ದಾರೆ.

ಆ ಪ್ರಶ್ನೆ ಮೊದಲು ಕೇಳಿದ್ದು ನಾನಲ್ಲ, ನಮ್ಮಪ್ಪ.

2005ರ ಬೇಸಿಗೆ. ಹಾಸನದಿಂದ ಅಪ್ಪ ಅಮ್ಮ ಇಲ್ಲಿ ಮಿಶಿಗನ್ನಿಗೆ ಬಂದಿದ್ದರು. ಅಪ್ಪ ಕೆಇಬಿಯಲ್ಲಿ ಮೀಟರು ರಿಪೇರಿ ಮಾಡಿಕೊಂಡೇ ರಿಟೈರಾದವರು. ಪೆಟ್ಟಿಗೆಗಳಲ್ಲೇ ಉಳಿದಿದ್ದ ನನ್ನ ಕನ್ನಡ ಪುಸ್ತಕಗಳನ್ನು ನೋಡಿ, "ಇವಕ್ಕೊಂದು ಬೀರು ಮಾಡೋಣ ಕಣೋ" ಎಂದು ಹಲಗೆ ತರಿಸಿದರು. ಎರಡನೆಯ ಅರೆ ಕೂರಿಸುವಷ್ಟರಲ್ಲಿ ನನ್ನ ಕಾರ್ಡ್‌ಲೆಸ್ ಡ್ರಿಲ್ಲು ಗೊರಗೊರ ಎಂದು ನಿಂತುಹೋಯಿತು. 1999ರಲ್ಲಿ ಮನೆ ಕೊಂಡಾಗ ತಂದದ್ದು, 18 ವೋಲ್ಟಿನದು. ಚಾರ್ಜಿಗೆ ಹಾಕಿದರೆ ಹತ್ತೇ ನಿಮಿಷಕ್ಕೆ ಹಸಿರು ದೀಪ. ಎರಡು ತಿರುಪು ಹಾಕುವಷ್ಟರಲ್ಲಿ ಮತ್ತೆ ಸುಸ್ತು. ಅಂಗಡಿಯಲ್ಲಿ ಬ್ಯಾಟರಿಯೊಂದನ್ನೇ ಕೇಳಿದರೆ, ಎರಡು ಬ್ಯಾಟರಿ ಸಮೇತ ಹೊಸ ಡ್ರಿಲ್ಲಿಗೂ ಅದಕ್ಕೂ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಮೂಗಿಗಿಂತ ಮೂಗುತಿ ಭಾರ! ಹೊಸ ಡ್ರಿಲ್ಲು ತರಲು ನಾನು ಕಾರಿನ ಕೀಲಿ ಕೈಗೆತ್ತಿಕೊಂಡಾಗ ಅಪ್ಪ ಕೇಳಿದರು: "ಅಲ್ಲಯ್ಯಾ, ಹಾಳಾಗಿರೋದು ಡ್ರಿಲ್ಲೋ, ಬ್ಯಾಟರಿಯೋ?"

"ಬ್ಯಾಟರಿ ಅಪ್ಪ."

"ಬ್ಯಾಟರಿ ಪೂರ್ತಿನೋ, ಅದರೊಳಗಿನ ಒಂದು ಸೆಲ್ಲೋ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಎಂಜಿನಿಯರಿಂಗ್ ಓದಿದ್ದು ನಾನು!

ಡಬ್ಬಿಯೊಳಗಿನ ವಠಾರ

ನಾವು ಬ್ಯಾಟರಿ ಎಂದು ಕರೆಯುವ ಆ ಪ್ಲಾಸ್ಟಿಕ್ ಡಬ್ಬಿ ನಿಜಕ್ಕೂ ಒಂದು ವಠಾರ. ಹೊರಗಿನಿಂದ ಒಂದೇ ಬಾಗಿಲು, ಒಳಗೆ ಹಲವು ಮನೆಗಳು. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ("ಅನ್ನ ತಿನ್ನೋ ಜಾಗದಲ್ಲಿ ಇದೇನು ಗಲೀಜು" ಎಂಬ ಅಮ್ಮನ ಗೊಣಗಾಟದ ನಡುವೆ) ನಾವು ತಿರುಪು ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಹದಿನೈದು ಸೆಲ್ಲುಗಳು. ಒಂದೊಂದೂ ಸುಮಾರು 22 ಮಿಲಿಮೀಟರ್ ದಪ್ಪ, 43 ಮಿಲಿಮೀಟರ್ ಎತ್ತರ. ಈ ಗಾತ್ರಕ್ಕೆ 'ಸಬ್-ಸಿ' ಎಂದು ಹೆಸರು. ಒಂದರ ಧನ ತುದಿಯಿಂದ ಇನ್ನೊಂದರ ಋಣ ತುದಿಗೆ ನಿಕ್ಕೆಲ್ ಪಟ್ಟಿ, ಹೀಗೆ ಸರಪಳಿಯ ಹಾಗೆ ಜೋಡಣೆ. ಒಂದೊಂದು ಸೆಲ್ಲು 1.2 ವೋಲ್ಟ್, ಹದಿನೈದು ಸೇರಿದರೆ 18. ಲೆಕ್ಕ ಅಷ್ಟೇ. 12 ವೋಲ್ಟಿನ ಡ್ರಿಲ್ಲಾದರೆ ಹತ್ತು, 14.4 ಆದರೆ ಹನ್ನೆರಡು.

ಅವು ನಿಕ್ಕೆಲ್-ಕ್ಯಾಡ್ಮಿಯಂ ಸೆಲ್ಲುಗಳು. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದ ಜಾತಿ. ನಮ್ಮೂರಿನ ಟಾರ್ಚು, ರೇಡಿಯೋಗಳಿಗೆ ಹಾಕುತ್ತಿದ್ದ ಸೆಲ್ಲುಗಳಿಗಿಂತ ಬೇರೆ. ಅವು ಸೋತಾಗ ಬಿಸಿಲಿಗಿಟ್ಟು, ಇನ್ನೊಂದು ದಿನದ ವಾರ್ತೆ ಕೇಳಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಬಿಸಿಲು ಅವಕ್ಕೆ ಶಕ್ತಿ ತುಂಬುತ್ತಿರಲಿಲ್ಲ. ಒಳಗೆ ಅಳಿದುಳಿದಿದ್ದ ರಾಸಾಯನಿಕ ಕ್ರಿಯೆಯನ್ನು ಬೆಚ್ಚಗೆ ಮಾಡಿ ಚುರುಕುಗೊಳಿಸುತ್ತಿತ್ತು, ಅಷ್ಟೇ. ಕ್ಯಾಡ್ಮಿಯಂ ಸೆಲ್ಲಿನಲ್ಲಿ ಆ ಕ್ರಿಯೆಯನ್ನೇ ಹಿಂದಕ್ಕೆ ತಿರುಗಿಸಬಹುದು, ನೂರಾರು ಸಲ. ಆದರೆ ಪ್ರತಿ ಸಲವೂ ಒಂದಿಷ್ಟು ಸವಕಳಿ. ಒಳಗಿನ ದ್ರಾವಣ ಒಣಗುತ್ತದೆ. ಕ್ಯಾಡ್ಮಿಯಂ ಸೂಜಿಯಂತೆ ಬೆಳೆದು ನಡುವಿನ ತೆಳು ಪರದೆಯನ್ನು ತೂರಿದರೆ ಸೆಲ್ಲು ಒಳಗೊಳಗೇ ಶಾರ್ಟ್ ಆಗುತ್ತದೆ. ಆಗ ಮೀಟರು ಹಿಡಿದರೆ ಸೊನ್ನೆ.

ಒಬ್ಬ ಸೋತರೆ ಎಲ್ಲರೂ ಸೋತಂತೆ

ಅಪ್ಪ ನನ್ನ ಮಲ್ಟಿಮೀಟರಿನಿಂದ ಒಂದೊಂದೇ ಸೆಲ್ಲನ್ನು ಅಳೆದು, ದಿನಸಿ ಚೀಟಿಯ ಹಿಂದೆ ಬರೆದರು. ಹನ್ನೆರಡು ಸೆಲ್ಲುಗಳಲ್ಲಿ 1.28ರಿಂದ 1.3 ವೋಲ್ಟಿನವರೆಗೆ ಇತ್ತು. ಎರಡರಲ್ಲಿ ಒಂದಕ್ಕಿಂತ ಕಡಿಮೆ. ಒಂದರಲ್ಲಿ ಸೊನ್ನೆ. ಹದಿನೈದರಲ್ಲಿ ಮೂರು ಸೋತದ್ದಕ್ಕೆ ಇಡೀ ಡ್ರಿಲ್ಲು ಕಸದ ಡಬ್ಬಿಗೆ ಹೊರಟಿತ್ತು!

ಮೂರು ಸೋತರೆ ಉಳಿದ ಹನ್ನೆರಡು ಕೆಲಸ ಮಾಡಬಾರದೇಕೆ? ಬಾವಿಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವುದನ್ನು ನೆನಪಿಸಿಕೊಳ್ಳಿ. ಒಬ್ಬ ಮುದುಕ ನಿಧಾನಿಸಿದರೆ ಇಡೀ ಸಾಲೇ ನಿಧಾನ. ಸೆಲ್ಲುಗಳ ಸರಪಳಿಯಲ್ಲಿ ಇದಕ್ಕಿಂತಲೂ ಕ್ರೂರವಾದದ್ದು ನಡೆಯುತ್ತದೆ. ಬಲಹೀನ ಸೆಲ್ಲು ಎಲ್ಲರಿಗಿಂತ ಮೊದಲು ಖಾಲಿಯಾಗುತ್ತದೆ. ಆದರೆ ಉಳಿದವು ನಿಲ್ಲುವುದಿಲ್ಲ. ಖಾಲಿಯಾದವನ ಮೂಲಕವೇ ಕರೆಂಟನ್ನು ನುಗ್ಗಿಸುತ್ತವೆ. ಆಗ ಆ ಸೆಲ್ಲಿನ ಧನ ಋಣವಾಗಿ, ಋಣ ಧನವಾಗಿ ತಿರುವುಮುರುವಾಗುತ್ತದೆ. ಅದು ಬಿಸಿಯಾಗಿ, ಒಳಗೆ ಅನಿಲ ಹುಟ್ಟಿ, ಇನ್ನಷ್ಟು ಹಾಳಾಗುತ್ತದೆ. "ಪೂರ್ತಿ ನಿಲ್ಲೋವರೆಗೂ ಓಡಿಸಿ ಆಮೇಲೆ ಚಾರ್ಜ್ ಮಾಡಬೇಕು" ಎಂಬ ಮಾತನ್ನು ನಂಬಿ ನಾನು ಆರು ವರ್ಷ ಮಾಡಿದ್ದು ಇದನ್ನೇ. ಒಂದೇ ಅಳತೆಗೆ ಮತ್ತೆ ಮತ್ತೆ ಖಾಲಿ ಮಾಡಿದರೆ ಸೆಲ್ಲು ಅದನ್ನೇ 'ನೆನಪಿಟ್ಟುಕೊಳ್ಳುತ್ತದೆ' ಎಂಬುದು ಪೂರ್ತಿ ಸುಳ್ಳಲ್ಲ. ಆದರೆ ದಿನಕ್ಕೊಂದು ರೀತಿ ಬಳಸುವ ಮನೆಯ ಡ್ರಿಲ್ಲಿಗೆ ಆ ಭಯ ಬಹಳ ಕಡಿಮೆ. ಡ್ರಿಲ್ಲಿನ ದನಿ ಕುಗ್ಗಿತೋ, ನಿಲ್ಲಿಸಿ ಚಾರ್ಜಿಗೆ ಹಾಕಬೇಕು. ಅಷ್ಟು ಸಾಕು.

ನಾವು ಮಾಡಿದ ಎರಡು ತಪ್ಪು

ಮೂರು ಹೊಸ ಸೆಲ್ಲು ತರಿಸಿದೆವು. ಅಪ್ಪ ಬೆಸುಗೆಯ ಕಡ್ಡಿ ಕಾಯಿಸಿ, ಸೆಲ್ಲಿನ ತಲೆಗೇ ನೇರವಾಗಿ ತಂತಿ ಬೆಸೆದರು. ಡ್ರಿಲ್ಲು ಮತ್ತೆ ಗುಂಯ್ ಎಂದಿತು. ಬೀರು ಮುಗಿಯಿತು. ಐದು ಅರೆಗಳ ಆ ಬೀರು ಇವತ್ತಿಗೂ ನಮ್ಮ ನಡುಮನೆಯಲ್ಲಿದೆ. ಅಕ್ಟೋಬರಿನಲ್ಲಿ ಅವರು ಊರಿಗೆ ಹೊರಟರು. ಡಿಸೆಂಬರಿನ ಹೊತ್ತಿಗೆ ಡ್ರಿಲ್ಲು ಮತ್ತೆ ಮಲಗಿತ್ತು.

ಮೊದಲನೆಯ ತಪ್ಪು, ಹಳೆಯದರ ಜೊತೆ ಹೊಸದನ್ನು ಬೆರೆಸಿದ್ದು. ಮೂರು ಹೊಸ ಹುಡುಗರ ಜೊತೆ ನಿಂತ ಹನ್ನೆರಡು ಮಂದಿಯೂ ಆರು ವರ್ಷ ದುಡಿದವರು. ಅವರಲ್ಲಿ ಅತಿ ಸೋತವನು ಈಗ ಹೊಸ ಬಲಿಪಶುವಾದ. ಮೀಟರು ತೋರಿಸುವುದು ವೋಲ್ಟನ್ನು, ಉಳಿದಿರುವ ಕಸುವನ್ನಲ್ಲ. ಎರಡನೆಯದು ಬೆಸುಗೆ. ಸೆಲ್ಲಿನ ಮುಚ್ಚಳದಡಿ ಪ್ಲಾಸ್ಟಿಕ್ಕಿನ ಸೀಲೂ, ಒಳ ಅನಿಲ ಹೆಚ್ಚಾದರೆ ತೆರೆದುಕೊಳ್ಳುವ ಕಿಂಡಿಯೂ ಇರುತ್ತವೆ. ಬೆಸುಗೆಯ ಕಡ್ಡಿಯನ್ನು ನೇರವಾಗಿ ಒತ್ತಿದರೆ ಆ ಬಿಸಿಗೆ ಎರಡೂ ಕೆಡಬಹುದು.

ಆ ವರ್ಷದ ರಜೆಯ ಸೇಲಿನಲ್ಲಿ ನಾನು ಹೊಸ ಡ್ರಿಲ್ಲು ತಂದೆ. ಸಂಕ್ರಾಂತಿಗೆ ಫೋನು ಮಾಡಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ನಮ್ಮ ಡ್ರಿಲ್ಲು ಹೇಗಿದೆಯೋ?" ನಾನು "ಚೆನ್ನಾಗಿದೆ ಅಪ್ಪ, ಓಡ್ತಾ ಇದೆ" ಎಂದೆ. ಆಮೇಲೂ ಎಷ್ಟೋ ಸಲ ಕೇಳಿದರು. ಪ್ರತಿ ಸಲವೂ ಅದೇ ಉತ್ತರ. 2011ರಲ್ಲಿ ಅಪ್ಪ ತೀರಿಕೊಂಡರು. ಡ್ರಿಲ್ಲು ಗ್ಯಾರೇಜಿನ ಅಟ್ಟದಲ್ಲೇ ಇತ್ತು. ಎಸೆಯಲು ಮನಸ್ಸು ಬರಲಿಲ್ಲ, ರಿಪೇರಿಗೆ ಕೈ ಬರಲಿಲ್ಲ.

ಸರಿಯಾಗಿ ಮಾಡುವುದು ಹೀಗೆ

ಕಳೆದ ಚಳಿಗಾಲದಲ್ಲಿ ರಜೆಗೆ ಬಂದ ಮಗಳು ಅದನ್ನು ಅಟ್ಟದಿಂದ ಇಳಿಸಿ, "ಇದು ತಾತನ ಡ್ರಿಲ್ಲಾ?" ಎಂದಳು. ಈ ಸಲ ಓದಿಕೊಂಡು, ತಿಳಿದವರನ್ನು ಕೇಳಿ, ನಿಧಾನವಾಗಿ ಮಾಡಿದೆವು. ನಿಕ್ಕೆಲ್ ಜಾತಿಯ ಬ್ಯಾಟರಿಗೆ ಮಾತ್ರ ಅನ್ವಯಿಸುವ ಆ ಕ್ರಮ ಇದು.

ಡಬ್ಬಿ ಬಿಚ್ಚುವ ಮೊದಲು ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. 18 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಎರಡು ತುದಿಗಳ ನಡುವೆ ಉಂಗುರ ಸಿಕ್ಕಿಕೊಂಡರೆ ಹತ್ತಾರು ಆಂಪಿಯರ್ ಹರಿದು, ಬೆರಳಿನಲ್ಲೇ ಉಂಗುರ ಕಾದುಬಿಡುತ್ತದೆ. ಕಣ್ಣಿಗೆ ಕನ್ನಡಕವಿರಲಿ. ಬಿಚ್ಚಿದೊಡನೆ ಒಂದು ಚಿತ್ರ ಬರೆದುಕೊಳ್ಳಿ: ಯಾವ ಸೆಲ್ಲು ಮೇಲ್ಮುಖ, ಯಾವುದು ಕೆಳಮುಖ, ಪಟ್ಟಿ ಎಲ್ಲಿಂದ ಎಲ್ಲಿಗೆ. ಸೆಲ್ಲುಗಳ ನಡುವೆ ಅಂಟಿಸಿರುವ ಸಣ್ಣ ಬಿಲ್ಲೆಯಂಥ ಭಾಗ ಎಲ್ಲಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಅದು ಬಿಸಿ ಅಳೆಯುವ ಕಾವಲುಗಾರ. ಚಾರ್ಜರಿಗೆ "ಸಾಕು ನಿಲ್ಲಿಸು" ಎಂದು ಹೇಳುವುದು ಅದೇ. ಹೊಸ ಸೆಲ್ಲುಗಳ ಮೈಗೆ ತಾಗುವಂತೆ ಅದನ್ನು ಅದೇ ಜಾಗಕ್ಕೆ ಮರಳಿಸಬೇಕು. "ಇದೇನೋ ಹೆಚ್ಚಿಗೆ ಉಳಿಯಿತು" ಎಂದು ಬಿಟ್ಟರೆ ಅಪಾಯ.

ಎಲ್ಲ ಹದಿನೈದೂ ಹೊಸ ಸೆಲ್ಲುಗಳೇ ಆಗಬೇಕು. ಒಂದೇ ತಯಾರಿಕೆ, ಒಂದೇ ಸಾಮರ್ಥ್ಯ, ಸಾಧ್ಯವಾದರೆ ಒಂದೇ ಕಂತಿನವು. ನಿಕ್ಕೆಲ್ ಬಾಲ ಮೊದಲೇ ಅಂಟಿಸಿದ ಸೆಲ್ಲುಗಳು ಸಿಗುತ್ತವೆ, ಅವನ್ನೇ ಕೊಳ್ಳಿ. ಬೆಸುಗೆಯನ್ನು ಬಾಲಕ್ಕೆ ಬಾಲ ಹಾಕಬಹುದು, ಸೆಲ್ಲಿನ ಮೈಗೆ ಬಿಸಿ ತಾಗುವುದಿಲ್ಲ. ಕಾರ್ಖಾನೆಯಲ್ಲಿ ಇದನ್ನು ಸ್ಪಾಟ್ ವೆಲ್ಡಿಂಗಿನಿಂದ ಮಾಡುತ್ತಾರೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನ ಕಾವಿನಿಂದ. ಬ್ಯಾಟರಿ ಅಂಗಡಿಗಳಲ್ಲಿ ಕೆಲವರು ಆ ಕೆಲಸ ಮಾಡಿಕೊಡುತ್ತಾರೆ.

ಸೆಲ್ಲಿನ ಹೊರಮೈ ಪೂರ್ತಿ ಋಣ, ಮೇಲಿನ ಅಂಚಿನವರೆಗೂ. ನಡುವಿನ ಸಣ್ಣ ಗುಬಟು ಮಾತ್ರ ಧನ. ಆದ್ದರಿಂದ ಧನ ತುದಿಯಿಂದ ಹೊರಡುವ ಪಟ್ಟಿ ಅಂಚಿಗೆ ತಾಗದ ಹಾಗೆ ಕಾಗದದ ಬಳೆ ಹಾಕಬೇಕು. ಹಳೆಯವುಗಳಿಂದ ಬಿಚ್ಚಿದ ಬಳೆಗಳನ್ನೇ ಮಗಳು ಜೋಪಾನವಾಗಿ ಎತ್ತಿಟ್ಟು ಬಳಸಿದಳು.

"ಇನ್ನೂ ಹೆಚ್ಚು ಹೊತ್ತು ಓಡುವ ನಿಕ್ಕೆಲ್-ಮೆಟಲ್ ಹೈಡ್ರೈಡ್ ಹಾಕಬಾರದೇಕೆ?" ಎಂದು ಕೇಳುವವರಿದ್ದಾರೆ. ವೋಲ್ಟು ಒಂದೇ, ಗಾತ್ರವೂ ಒಂದೇ. ತೊಡಕಿರುವುದು ಚಾರ್ಜರಿನಲ್ಲಿ. ಹೊಟ್ಟೆ ತುಂಬಿದ ಕ್ಯಾಡ್ಮಿಯಂ ಸೆಲ್ಲಿನ ವೋಲ್ಟು ಸ್ವಲ್ಪ ಇಳಿಯುತ್ತದೆ. ಎಷ್ಟೋ ವೇಗದ ಚಾರ್ಜರುಗಳು ಆ ಇಳಿತವನ್ನು ಕಂಡೇ ನಿಲ್ಲುತ್ತವೆ. ಹೈಡ್ರೈಡಿನಲ್ಲಿ ಆ ಇಳಿತ ಇನ್ನೂ ಸಣ್ಣದು. ಹಳೆಯ ಚಾರ್ಜರಿಗೆ ಅದು ಕಾಣದೇ ಹೋದರೆ ಉಣಬಡಿಸುತ್ತಲೇ ಇರುತ್ತದೆ. ಹಾಗಾಗಿ ಚಾರ್ಜರು ಯಾವ ಜಾತಿಗೆ ಮಾಡಿದ್ದೋ ಅದೇ ಜಾತಿಯ ಸೆಲ್ಲು ಹಾಕುವುದು ಕ್ಷೇಮ.

ಮೊದಲ ಚಾರ್ಜು ನಿಧಾನದ್ದಾಗಿರಲಿ. ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟು ಕರೆಂಟಿನಲ್ಲಿ 14ರಿಂದ 16 ತಾಸು. ಮೊದಲು ತುಂಬಿದ ಸೆಲ್ಲುಗಳು ಆ ಸಣ್ಣ ಹರಿವನ್ನು ತಾಳಿಕೊಂಡು ಕಾಯುತ್ತವೆ, ಹಿಂದುಳಿದವು ಬಂದು ಸೇರಿಕೊಳ್ಳುತ್ತವೆ. ಎರಡು ಮೂರು ಸಲ ಬಳಸಿದ ಮೇಲೆ ಪೂರ್ತಿ ಕಸುವು ಬರುತ್ತದೆ.

ಹಳೆಯ ಸೆಲ್ಲುಗಳನ್ನು ಮಾತ್ರ ಎಂದೂ ಕಸಕ್ಕೆ ಹಾಕಬೇಡಿ, ಒಡೆದು ನೋಡಲೂ ಬೇಡಿ. ಜಪಾನಿನ ತೊಯಾಮಾ ಪ್ರಾಂತ್ಯದಲ್ಲಿ ಗಣಿಯಿಂದ ಜಿನ್‌ಜು ನದಿಗೆ, ನದಿಯಿಂದ ಗದ್ದೆಗೆ ಕ್ಯಾಡ್ಮಿಯಂ ಸೇರಿ, ಜನರ ಮೂತ್ರಪಿಂಡ ಕೆಟ್ಟು ಮೂಳೆಗಳು ಮುರಿಯತೊಡಗಿದವು. 'ಇತಾಯ್-ಇತಾಯ್', ಅಂದರೆ 'ನೋವು, ನೋವು' ಎಂದೇ ಆ ಕಾಯಿಲೆಗೆ ಹೆಸರು. ಕಾರಣ ಕ್ಯಾಡ್ಮಿಯಂ ಎಂದು ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ಅಮೆರಿಕದಲ್ಲಿ 1996ರ ಕಾನೂನಿನ ನಂತರ ಇವುಗಳ ಸಂಗ್ರಹಣೆ ಸುಲಭವಾಗಿದೆ. ದೊಡ್ಡ ಹಾರ್ಡ್‌ವೇರ್ ಅಂಗಡಿಗಳ ಬಾಗಿಲಲ್ಲೇ ಡಬ್ಬಿ ಇಟ್ಟಿರುತ್ತಾರೆ. ತುದಿಗಳಿಗೆ ಟೇಪು ಅಂಟಿಸಿ ಹಾಕಿದರಾಯಿತು.

ಕೈ ಹಾಕಬಾರದ ಕಡೆ

ಇಷ್ಟು ಓದಿ ಉತ್ಸಾಹದಿಂದ ಲ್ಯಾಪ್‌ಟಾಪಿನ ಬ್ಯಾಟರಿ ಬಿಚ್ಚಲು ಹೊರಟವರಿದ್ದರೆ, ದಯವಿಟ್ಟು ತಿರುಪುಳಿ ಕೆಳಗಿಡಿ. ಅದು ಲಿಥಿಯಂ-ಅಯಾನ್. ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಸೋನಿ ಕಂಪನಿಯಿಂದ. ಅದರ ಹಿಂದಿನ ಸಂಶೋಧನೆಗೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಎಷ್ಟು ಪ್ರತಿಭಾವಂತವೋ ಅಷ್ಟೇ ಮುಂಗೋಪಿ. ಒಳಗಿರುವ ದ್ರಾವಣವೇ ಹತ್ತಿಕೊಂಡು ಉರಿಯುವಂಥದ್ದು. ಸಾಮಾನ್ಯವಾಗಿ ಒಂದು ಸೆಲ್ಲು 4.2 ವೋಲ್ಟ್ ದಾಟಬಾರದು. ಎರಡು ವೋಲ್ಟಿಗಿಂತ ಕೆಳಗಿಳಿದು ಬಹಳ ಕಾಲ ಬಿದ್ದಿದ್ದರೆ ಒಳಗಿನ ತಾಮ್ರ ಕರಗಿ, ಮತ್ತೆ ಚಾರ್ಜು ಮಾಡುವಾಗ ಶಾರ್ಟ್ ಆಗಬಹುದು. ಒಂದು ಸೆಲ್ಲು ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ವಠಾರಕ್ಕೇ ಬೆಂಕಿ. ಕಾರ್ಖಾನೆಯಲ್ಲೇ ದೋಷ ನುಸುಳಿದ್ದಕ್ಕೆ 2006ರಲ್ಲಿ ಡೆಲ್ ಕಂಪನಿಯೊಂದೇ ಸುಮಾರು 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಎಲೆಕ್ಟ್ರಿಕ್ ಸೈಕಲ್ಲುಗಳ ಬೆಂಕಿಯಲ್ಲಿ ಜೀವಗಳು ಹೋದ ಮೇಲೆ ನ್ಯೂಯಾರ್ಕ್ ನಗರ 2023ರಲ್ಲಿ, ಹಳೆಯ ಬ್ಯಾಟರಿಗಳಿಂದ ಬಿಚ್ಚಿದ ಸೆಲ್ಲುಗಳಿಂದ ಲಿಥಿಯಂ ಬ್ಯಾಟರಿ ಕಟ್ಟುವುದನ್ನೇ ನಿಷೇಧಿಸಿತು. ಉಬ್ಬಿದ ಫೋನ್ ಬ್ಯಾಟರಿಯನ್ನು ಒತ್ತಲೂ ಬೇಡಿ, ಚುಚ್ಚಲೂ ಬೇಡಿ.

"ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಡಿಮೆಗೆ ರಿಪೇರಿ ಮಾಡಿಸಿಕೊಂಡು ಬರೋಣ" ಎಂಬ ಯೋಚನೆ ನಮಗೆಲ್ಲ ಬರುವುದು ಸಹಜ. ಆದರೆ ಉಬ್ಬಿದ, ಕೆಟ್ಟ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಒಳ್ಳೆಯದಾದರೂ, ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕುವ ಸೂಟ್‌ಕೇಸಿನಲ್ಲಲ್ಲ. 100 ವ್ಯಾಟ್-ಗಂಟೆ ಮೀರಿದರೆ ಮುಂಚಿತವಾಗಿ ವಿಮಾನ ಕಂಪನಿಯ ಒಪ್ಪಿಗೆ ಬೇಕು.

ಲಾಭವೆಷ್ಟು?

ಹದಿನೈದು ಸೆಲ್ಲುಗಳಿಗೆ ನಾನು ಕೊಟ್ಟದ್ದು ಸುಮಾರು 45 ಡಾಲರ್, ಮೇಲೆ ಎರಡು ಸಂಜೆಯ ಕೆಲಸ. ಸೇಲಿನಲ್ಲಿ ಹುಡುಕಿದ್ದರೆ, ಇನ್ನೊಂದಿಷ್ಟು ಸೇರಿಸಿ ಹಗುರವಾದ ಲಿಥಿಯಂ ಡ್ರಿಲ್ಲನ್ನೇ ತರಬಹುದಿತ್ತು. ದುಡ್ಡಿನ ಲೆಕ್ಕವೊಂದನ್ನೇ ನೋಡುವವರಿಗೆ ನಾನು ಇದನ್ನು ಒತ್ತಾಯಿಸಲಾರೆ. ಆದರೆ ಮೋಟಾರು, ಗೇರು, ಡಬ್ಬಿ ಎಲ್ಲ ಗಟ್ಟಿಯಾಗಿರುವ ಯಂತ್ರವನ್ನು ಮೂರು ಸೆಲ್ಲಿನ ತಪ್ಪಿಗೆ ಮಣ್ಣು ಮಾಡುವುದು ಲೆಕ್ಕದಲ್ಲಿ ಸರಿಯಾದರೂ ನ್ಯಾಯದಲ್ಲಿ ಸರಿಯಲ್ಲ. ಕಾನೂನುಗಳೂ ನಿಧಾನವಾಗಿ ಅಪ್ಪನ ಪ್ರಶ್ನೆಯ ಕಡೆಗೆ ಬರುತ್ತಿವೆ. ಕ್ಯಾಲಿಫೋರ್ನಿಯಾದ ರಿಪೇರಿ ಹಕ್ಕಿನ ಕಾನೂನು 2024ರ ಜುಲೈನಲ್ಲಿ ಜಾರಿಗೆ ಬಂತು. ಐರೋಪ್ಯ ಒಕ್ಕೂಟದ 2023ರ ನಿಯಮ, 2027ರ ಫೆಬ್ರುವರಿಯಿಂದ ಕೆಲವು ವಿನಾಯಿತಿಗಳನ್ನು ಬಿಟ್ಟು ಕೈಯಲ್ಲಿ ಹಿಡಿಯುವ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು ಎನ್ನುತ್ತದೆ.

ಅಂದ ಹಾಗೆ, ನಮ್ಮ ಮೈಕಿಗೆ ಏನೂ ಆಗಿರಲಿಲ್ಲ. ಒಳಗಿದ್ದದ್ದು ಚಾರ್ಜು ಮಾಡುವ ಎರಡು 'ಡಬಲ್-ಎ' ಸೆಲ್ಲುಗಳು, ಎರಡೂ ಮುದಿಯಾಗಿದ್ದವು. ತಿಂಗಳಿಗೊಮ್ಮೆ ಬಳಸುವ ವಸ್ತುವಾದ್ದರಿಂದ, ಸುಮ್ಮನಿದ್ದರೂ ಬೇಗ ಸೋರಿಹೋಗದ ಜಾತಿಯ ಹೈಡ್ರೈಡ್ ಸೆಲ್ಲು ಹಾಕಿದ್ದೇನೆ. ಮುಂದಿನ ಕೂಟದಲ್ಲಿ ಮೂರನೆಯ ಕವನವನ್ನು ಮೊದಲಿಂದ ಕೇಳೋಣ. ಬರುವಾಗ ನಿಮ್ಮ ಮನೆಯ ಸತ್ತ ಬ್ಯಾಟರಿಗಳನ್ನು, ಉಬ್ಬಿದವನ್ನು ಬಿಟ್ಟು, ತುದಿಗೆ ಟೇಪು ಅಂಟಿಸಿ ತನ್ನಿ. ಒಟ್ಟಿಗೆ ಸಂಗ್ರಹದ ಡಬ್ಬಿಗೆ ಸೇರಿಸಿ ಬರುತ್ತೇನೆ.

ಡ್ರಿಲ್ಲು ಸಿದ್ಧವಾದ ದಿನ ಮಗಳು ಮೊದಲು ಮಾಡಿದ ಕೆಲಸ, ಬೀರುವಿನ ಎರಡನೆಯ ಅರೆಯಲ್ಲಿ ಸಡಿಲವಾಗಿದ್ದ ತಿರುಪು ಬಿಗಿದದ್ದು. ಅಮ್ಮ ಈಗ ನಮ್ಮ ಜೊತೆಗೇ ಇದ್ದಾರೆ. ಸದ್ದು ಕೇಳಿ ಅಡುಗೆಮನೆಯಿಂದ, "ಅದೇ ಹಳೇ ಡ್ರಿಲ್ಲೇನೋ?" ಎಂದರು.

"ಹ್ಞೂಂ ಅಮ್ಮ, ಓಡ್ತಾ ಇದೆ" ಎಂದೆ. ಇಷ್ಟು ವರ್ಷಗಳಲ್ಲಿ ಆ ಮಾತು ನಿಜವಾದದ್ದು ಅವತ್ತೇ.